ಚೌಕಾಸಿ ಮಾಡಿದವಳ ಗೆರೆ, ಮಾಡದವರ ಗೆರೆ

"ಅಕ್ಕಾರ, ನಾ ಏನರ ತಪ್ಪ ಮಾಡೇನೇನ್ರೀ?"

ಧಾರವಾಡದಿಂದ ಬಂದು ಇಲ್ಲಿ ನೆಲೆಸಿದ ಡಾಕ್ಟರು ಫೋನಿನಲ್ಲಿ ಹೀಗೆ ಶುರು ಮಾಡಿದಾಗ ನಾನು ಕಾರನ್ನು ಫ್ರೀವೇಯಿಂದ ಇಳಿಸಿ ಒಂದು ಗ್ರೋಸರಿ ಅಂಗಡಿಯ ಮುಂದೆ ನಿಲ್ಲಿಸಿದೆ. ಅವರು ಸುಮ್ಮಸುಮ್ಮನೆ ಫೋನು ಮಾಡುವವರಲ್ಲ. ಸರಟೋಗಾದಲ್ಲಿ ಒಂದೇ ಕುರ್ಚಿಯ ಹಲ್ಲಿನ ಕ್ಲಿನಿಕ್ಕು ಅವರದು. ಹಲ್ಲು ನೋಡುವವರೂ ಅವರೇ, ಸಾಮಾನು ತರಿಸುವವರೂ ಅವರೇ. ಆ ತಿಂಗಳು ಇಂಪ್ಲಾಂಟಿನ ಬಿಲ್ಲು ಇದ್ದಕ್ಕಿದ್ದಂತೆ ಏರಿತ್ತು. ಇಂಪ್ಲಾಂಟು ಅಂದರೆ ಹಲ್ಲು ಬಿದ್ದ ಜಾಗದಲ್ಲಿ ದವಡೆಯೊಳಗೆ ಕೂರಿಸುವ ತಿರುಪು. ಡಾಕ್ಟರು ಮಾಡಿದ್ದ 'ತಪ್ಪು' ಇಷ್ಟೆ: ದವಡೆ ಸವೆದವರಿಗೆ ತಿರುಪಿನ ಸುತ್ತ ತುಂಬುವ ಮೂಳೆಪುಡಿಯನ್ನು ಬೇರೆ ಕಂಪನಿಯಿಂದ ತರಿಸಿದ್ದರು.

"ಪುಡಿ ಅಗ್ಗ ಐತಿ, ಛಲೋನೂ ಐತಿ ಅಂತ ತರಿಸಿದೆ. ಅದಕ್ಕ ತಿರುಪಿನ ಡಿಸ್ಕೌಂಟ್ ಯಾಕ ಕಿತ್ಕೋಬೇಕ್ರೀ?"

ಯಾಕೆಂದು ನನಗೆ ಗೊತ್ತಿತ್ತು. ನಾನು ಡಾಕ್ಟರಲ್ಲ. ಸ್ಯಾನ್ ಹೊಸೆಯ ನಾಲ್ಕು ಹಲ್ಲಿನ ಕ್ಲಿನಿಕ್ಕುಗಳ ಖರೀದಿ, ಬಾಡಿಗೆ, ವಿಮೆ ನೋಡಿಕೊಳ್ಳುವ ಕಂಪನಿ ನನ್ನದು. ಅದೇ ತಿರುಪು, ಅದೇ ಪುಡಿ ನಾನೂ ತರಿಸುತ್ತಿದ್ದೆ. ತಿರುಪಿನ ಕಂಪನಿಯ ಜೋಡಿ ರಿಯಾಯಿತಿಯ ಲೆಕ್ಕ ಹೀಗಿತ್ತು. ರೇಷ್ಮೆ ಸೀರೆ ಸಿಗುವುದು ಒಂದೇ ಅಂಗಡಿಯಲ್ಲಿ, ಬ್ಲೌಸ್ ಪೀಸು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಅಂದುಕೊಳ್ಳಿ. ಸೀರೆಯಂಗಡಿಯವನು ಹೇಳುತ್ತಾನೆ: ಬ್ಲೌಸ್ ಪೀಸೂ ನನ್ನ ಹತ್ತಿರವೇ ತಗೊಂಡರೆ ಎರಡಕ್ಕೂ ರಿಯಾಯಿತಿ, ಬೇರೆ ಕಡೆ ತಗೊಂಡರೆ ಸೀರೆಗೂ ಪೂರ್ತಿ ಬೆಲೆ. ಬ್ಲೌಸ್ ಪೀಸು ಮಾತ್ರ ಮಾರುವ ಸಣ್ಣ ಅಂಗಡಿಯವನು ಸೀರೆಯ ನಷ್ಟವನ್ನೂ ತುಂಬಿಕೊಡಬೇಕಾಗುತ್ತದೆ. ಎಲ್ಲಿಂದ ತುಂಬುತ್ತಾನೆ? ಬಾಗಿಲು ಹಾಕುತ್ತಾನೆ. ಅವನು ಹೋದ ಮೇಲೆ ಬ್ಲೌಸ್ ಪೀಸಿನ ಬೆಲೆ ಎಷ್ಟೆಂದು ಹೇಳುವವರು ಒಬ್ಬರೇ.

ತಿರುಪಿನ ಕಂಪನಿಯನ್ನು ಬಿಡುವ ಹಾಗೂ ಇರಲಿಲ್ಲ. ಒಮ್ಮೆ ಕೂರಿಸಿದ ತಿರುಪನ್ನು ಮುಂದೆ ರಿಪೇರಿ ಮಾಡಲು ಅದೇ ಕಂಪನಿಯ ಉಪಕರಣವೇ ಬೇಕು. ಡಾಕ್ಟರು ಪುಡಿಯನ್ನು ವಾಪಸು ಕಳಿಸಿ ಹಳೆಯ ದಾರಿಗೆ ಬಂದರು. ನಾನು ಸುಮ್ಮನಿರಲಿಲ್ಲ. ಇಂಥ ಜೋಡಿ ರಿಯಾಯಿತಿಯ ಮೇಲೆ ದಾವೆ ಹೂಡಲು ಒಬ್ಬ ವಕೀಲೆ ಕ್ಲಿನಿಕ್ಕುಗಳನ್ನು ಹುಡುಕುತ್ತಿದ್ದಾರೆಂದು ಕೇಳಿದ್ದೆ. ಹೋಗಿ ಮಾತಾಡಿದೆ.

ವಕೀಲೆ ಮೊದಲ ದಿನವೇ ನೇರವಾಗಿ ಹೇಳಿದರು. ಒಂದು ಸಣ್ಣ ಕ್ಲಿನಿಕ್ಕು ಒಂಟಿಯಾಗಿ ಈ ಕೇಸು ನಡೆಸಲಾಗದು, ಅರ್ಥಶಾಸ್ತ್ರಜ್ಞರ ಶುಲ್ಕವೇ ಕ್ಲಿನಿಕ್ಕಿನ ನಷ್ಟವನ್ನು ಮೀರುತ್ತದೆ. ಆದ್ದರಿಂದ ಎಲ್ಲ ಕ್ಲಿನಿಕ್ಕುಗಳ ಪರವಾಗಿ ಒಬ್ಬಿಬ್ಬರು ನಿಲ್ಲಬೇಕು. ಹಾಗೆ ನಿಲ್ಲಬಹುದೆಂದು ನ್ಯಾಯಾಧೀಶರು ಒಪ್ಪುವ ಘಟ್ಟವೇ ಕ್ಲಾಸ್ ಸರ್ಟಿಫಿಕೇಷನ್ನು. ಅದು ಸಿಗದಿದ್ದರೆ ಕೇಸು ಅಲ್ಲಿಗೇ ಸತ್ತಂತೆ. ಆಮೇಲೂ ಡಾಕ್ಟರಂಥವರು ಯಾವ ಪುಡಿ ಬಳಸಬೇಕೆಂದು ಕಂಪನಿಯೇ ಹೇಳುತ್ತಿರುತ್ತದೆ. ಸರ್ಟಿಫಿಕೇಷನ್ನು ಸಿಗಬೇಕಾದರೆ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಬೇಕು: ಈ ಜೋಡಿ ರಿಯಾಯಿತಿಯಿಂದ ಹೆಚ್ಚುಕಡಿಮೆ ಎಲ್ಲರಿಗೂ ಪೆಟ್ಟು ಬಿತ್ತೇ? ಅದನ್ನು ಒಬ್ಬೊಬ್ಬರನ್ನೂ ಕರೆದು ಕೇಳದೆ, ಎಲ್ಲರಿಗೂ ಹೊಂದುವ ಒಂದೇ ಸಾಕ್ಷ್ಯದಿಂದ ತೋರಿಸಲು ಸಾಧ್ಯವೇ?

ನಾನು ಪ್ರತಿನಿಧಿಯಾಗಿ ನಿಂತೆ. ಎದುರು ಪಕ್ಷದ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡುವ ದಿನ ಬಂತು. ನಮ್ಮ ವಕೀಲೆ ಹೇಳಿಕೊಟ್ಟಿದ್ದರು: ಕೇಳಿದ್ದಕ್ಕೆ ಮಾತ್ರ ಉತ್ತರ, ಹೌದು ಅಥವಾ ಇಲ್ಲ, ಸಾಧ್ಯವಾದಷ್ಟು ಚಿಕ್ಕದು. ಎದುರಿನವರು ಬಹಳ ವಿನಯದ ಮನುಷ್ಯ. ನೀರು ತರಿಸಿಕೊಟ್ಟರು. ನನ್ನ ಕಂಪನಿ ಬೆಳೆದ ಬಗೆಯನ್ನು ಮೆಚ್ಚಿದರು. ಆಮೇಲೆ, "ನೀವು ಚೌಕಾಸಿಯಲ್ಲಿ ಜಾಣೆ ಅಂತ ಕೇಳಿದ್ದೇನೆ, ನಿಜವೇ?" ಎಂದರು.

'ಹೌದು' ಅಂದು ಬಾಯಿ ಮುಚ್ಚಿದ್ದರೆ ಈ ಬರಹವೇ ಬೇಕಿರಲಿಲ್ಲ.

"ಬೆಲೆ ಅನ್ನೋದು ಪಟ್ಟಿಯಲ್ಲಿ ಇರೋದಿಲ್ಲ, ಕೇಳುವವರ ಬಾಯಲ್ಲಿ ಇರುತ್ತೆ," ಎಂದೆ. "ಬೇರೆಯವರು ಕೊಡುವ ಬೆಲೆಯನ್ನ ನಾನು ಜನ್ಮದಲ್ಲಿ ಕೊಟ್ಟವಳಲ್ಲ."

ನಮ್ಮ ವಕೀಲೆ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಎದುರಿನವರು ಇನ್ನೊಂದು ಲೋಟ ನೀರು ತರಿಸಿದರು.

ಮುಂದೆ ಎಂದಾದರೂ ನೀವು ಅಂಥ ಕುರ್ಚಿಯಲ್ಲಿ ಕೂರಬೇಕಾಗಿ ಬಂದರೆ ನೆನಪಿಡಿ: ವ್ಯಾಪಾರದಲ್ಲಿ ಎದುರಿನವರು ಹೊಗಳಿದರೆ ಬೆಲೆ ಏರುತ್ತಿದೆ ಎಂದರ್ಥ. ನನಗದು ಗೊತ್ತಿಲ್ಲದ ವಿದ್ಯೆಯೇನಲ್ಲ. ಆದರೆ ಅಲ್ಲಿ ಯಾವ ಸಾಮಾನೂ ಕಣ್ಣಿಗೆ ಕಾಣುತ್ತಿರಲಿಲ್ಲವಲ್ಲ, ಕೈಬದಲಾಗುತ್ತಿರುವುದು ನನ್ನ ಮಾತೇ ಎಂದು ಹೊಳೆಯಲಿಲ್ಲ.

ಕಂಪನಿಯ ಪ್ರತ್ಯುತ್ತರ ಬಂದಾಗ ನನ್ನ ಆ ಎರಡು ವಾಕ್ಯ ಮೊದಲ ಪುಟದಲ್ಲೇ ಇದ್ದವು. ಅವರ ಕಡೆಯ ಪ್ರೊಫೆಸರು ವಾದ ಕಟ್ಟಿದ್ದರು: ದಾವೆ ಹೂಡಿದವರೇ ಹೇಳುವಂತೆ ಬೆಲೆ ಒಬ್ಬೊಬ್ಬರ ಚೌಕಾಸಿಯ ಫಲ. ಒಬ್ಬರಿಗೆ ಪೆಟ್ಟು ಬಿದ್ದಿರಬಹುದು, ಇನ್ನೊಬ್ಬರು ತಪ್ಪಿಸಿಕೊಂಡಿರಬಹುದು. ಎಲ್ಲರನ್ನೂ ಒಂದೇ ಗುಂಪೆನ್ನುವುದು ಹೇಗೆ? ನಮ್ಮ ಕಡೆಯ ಅರ್ಥಶಾಸ್ತ್ರಜ್ಞೆ ಮೊದಲ ವರದಿಯಲ್ಲಿ ಜೋಡಿ ರಿಯಾಯಿತಿ ಶುರುವಾಗುವ ಮುಂಚಿನ ಬೆಲೆಯನ್ನೂ ಆಮೇಲಿನ ಬೆಲೆಯನ್ನೂ, ತಯಾರಿಕೆಯ ಖರ್ಚು, ಬೇಡಿಕೆಗಳ ಏರಿಳಿತದ ಪರಿಣಾಮವನ್ನೆಲ್ಲ ಕಳೆದು, ಹೋಲಿಸಿದ್ದರು. ಸರಾಸರಿಯಲ್ಲಿ ಪುಡಿಯ ಬೆಲೆ ಏರಿತ್ತು. ಸರಾಸರಿಯ ಹಿಂದೆ ಗೆದ್ದವರೂ ಸೋತವರೂ ಅಡಗಿದ್ದಾರೆ ಎನ್ನುವುದು ಪ್ರೊಫೆಸರರ ಆಕ್ಷೇಪ. ಗೆದ್ದವರ ಉದಾಹರಣೆಗೆ ನಾನೇ ಇದ್ದೆನಲ್ಲ.

ವಕೀಲೆ ನನ್ನನ್ನು ಸ್ಯಾನ್ ಮಟಿಯೋದಲ್ಲಿದ್ದ ಅರ್ಥಶಾಸ್ತ್ರಜ್ಞೆಯ ಆಫೀಸಿಗೆ ಕರೆಸಿದರು. ಅರ್ಥಶಾಸ್ತ್ರಜ್ಞೆ ಮೈಸೂರಿನ ಹೆಣ್ಣುಮಗಳು. ನನ್ನ ಹೆಸರು ನೋಡಿಯೇ, "ಬನ್ನಿ ಮೇಡಂ, ಕಾಫಿ ತಗೋತೀರಾ?" ಅಂದರು. ವಕೀಲೆ ಕೈ ಎತ್ತಿದರು. ಇಲ್ಲಿ ಆಡಿದ ಮಾತನ್ನೆಲ್ಲ ಎದುರು ಪಕ್ಷ ಮುಂದೆ ಕೇಳಬಹುದು, ದಯವಿಟ್ಟು ಕೇಸಿನ ವಿಷಯ ಇಂಗ್ಲಿಷಿನಲ್ಲಿರಲಿ, ಕಾಫಿಯ ವಿಷಯ ಹೇಗಾದರೂ ಇರಲಿ ಎಂದರು.

ಮೇಜಿನ ಮೇಲಿದ್ದ ಪರದೆಯನ್ನು ಅರ್ಥಶಾಸ್ತ್ರಜ್ಞೆ ನನ್ನಿಂದ ಆಚೆಗೆ ತಿರುಗಿಸಿದ್ದರು. ಅದರಲ್ಲಿ ಈ ದೇಶದ ಕ್ಲಿನಿಕ್ಕುಗಳೆಲ್ಲ ಆ ಕಂಪನಿಗೆ ಕೊಟ್ಟ ಬೆಲೆ ಇತ್ತು. ಕೋರ್ಟಿನ ಆದೇಶದ ಪ್ರಕಾರ ಅದನ್ನು ನಾನು ನೋಡುವಂತಿಲ್ಲ. ಇಷ್ಟು ವರ್ಷ ಖರೀದಿ ಮಾಡಿದವಳಿಗೆ ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ. ವಕೀಲೆ ಫೋನು ಬಂತೆಂದು ಬಾಗಿಲಾಚೆ ಹೋದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಒಂದೇ ಒಂದು ಹೇಳಮ್ಮ. ನನಗಿಂತ ಕಮ್ಮಿಗೆ ಯಾರಿಗಾದ್ರೂ ಸಿಕ್ಕಿದ್ಯಾ?"

"ಹೇಳಕ್ಕಾಗಲ್ಲ ಮೇಡಂ."

"ಬಾಯಲ್ಲಿ ಹೇಳ್ಬೇಡ. ತಲೆ ಅಲ್ಲಾಡಿಸು ಸಾಕು."

"ತಲೆನೂ ಕಾನ್ಫಿಡೆನ್ಷಿಯಲ್ಲೇ ಮೇಡಂ," ಅಂದು ನಕ್ಕರು, ತಲೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ವಕೀಲೆ ಮರಳಿ ಬಂದ ಮೇಲೆ ಎರಡು ದಾರಿ ಮುಂದಿಟ್ಟರು. ಒಂದು, ನಾನು ಪ್ರತಿನಿಧಿಯ ಜಾಗದಿಂದ ಮೆಲ್ಲಗೆ ಸರಿಯುವುದು, ಚೌಕಾಸಿ ಮಾಡದ ಯಾರನ್ನಾದರೂ ನಿಲ್ಲಿಸುವುದು. ಇನ್ನೊಂದು, ನಿಂತು ಸರಿಪಡಿಸುವುದು. ಅದು ಹೇಗೆಂದು ಅವರಿಗೂ ಇನ್ನೂ ಗೊತ್ತಿರಲಿಲ್ಲ. ಅರ್ಥಶಾಸ್ತ್ರಜ್ಞೆ ಮಾತ್ರ, ಅದೆಲ್ಲ ಆಮೇಲೆ, ಮೊದಲು ನೀವು ಚೌಕಾಸಿ ಮಾಡುವುದು ಹೇಗೆ ಹೇಳಿ, ಮೊದಲಿಂದ ಹೇಳಿ ಎಂದರು.

ಹೇಳಿದೆ. ವರ್ಷದ ಮೊದಲಿಗೆ ಕಂಪನಿಯ ಮಾರಾಟ ಪ್ರತಿನಿಧಿ ಹೊಸ ಬೆಲೆಪಟ್ಟಿ ತರುತ್ತಾನೆ. ನಾನು ಮುಖ ಸಿಂಡರಿಸುತ್ತೇನೆ. ಅವನು ಮೆಲ್ಲಗೆ ಇಳಿಯುತ್ತಾನೆ. ಸಾಲದು ಎನ್ನುತ್ತೇನೆ. ಕೊನೆಗೆ ಅವನು, ಇದು ನನ್ನ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಿ ಬರುತ್ತೇನೆ ಎಂದು ಪಾರ್ಕಿಂಗ್ ಲಾಟಿಗೆ ಹೋಗಿ ಫೋನು ಮಾಡುತ್ತಾನೆ. ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ಬಂದು, ನಿಮಗೊಬ್ಬರಿಗೇ ಎಂದು ಇನ್ನೊಂದಿಷ್ಟು ಇಳಿಸುತ್ತಾನೆ.

"ಪಟ್ಟಿಯಲ್ಲಿ ಬರೆದ ಮೊದಲ ಬೆಲೆಯನ್ನೇ ಬದಲಿಸಿ ಎಂದು ಎಂದಾದರೂ ಕೇಳಿದ್ದೀರಾ?"

ಇಲ್ಲ. ಯಾರು ಕೇಳುತ್ತಾರೆ? ಮೊದಲ ಬೆಲೆ ಅಂಗಡಿಯವನದು.

"ಫೋನು ಮಾಡಿ ಬಂದು ಎಂದಾದರೂ ಆಗುವುದಿಲ್ಲ ಎಂದಿದ್ದಾನಾ?"

ನೆನಪಿನಲ್ಲೇ ಒಂದೊಂದು ವರ್ಷವನ್ನೂ ಎಣಿಸಿದೆ. ಇಲ್ಲ. ಒಂದು ವರ್ಷವೂ ಇಲ್ಲ.

ಈ ದೇಶಕ್ಕೆ ಬರುವ ಮುಂಚೆ ಚಿಕ್ಕಪೇಟೆಯ ಸೀರೆಯಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿದ್ದವಳು ನಾನು. ಯಾವ ಸೀರೆಯನ್ನು ಎಲ್ಲಿಯವರೆಗೆ ಇಳಿಸಬಹುದು ಎಂದು ಯಜಮಾನರು ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೇಳಿರುತ್ತಿದ್ದರು. ಗಿರಾಕಿ ಜಗ್ಗಾಡುವಾಗ, "ತಾಳಿ ಅಮ್ಮ, ಒಳಗೆ ಯಜಮಾನ್ರನ್ನ ಕೇಳಿ ಬರ್ತೀನಿ" ಎಂದು ಪರದೆಯ ಹಿಂದೆ ಹೋಗುತ್ತಿದ್ದೆ. ಅಲ್ಲಿ ಯಜಮಾನರು ಇರುತ್ತಿರಲಿಲ್ಲ, ನೀರಿನ ಹೂಜಿ ಇರುತ್ತಿತ್ತು. ಒಂದು ಲೋಟ ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಬೈಸಿಕೊಂಡವಳ ಮುಖ ಮಾಡಿಕೊಂಡು ಬಂದು ಬೆಳಗಿನ ಬೆಲೆ ಹೇಳುತ್ತಿದ್ದೆ. ಗಿರಾಕಿ ಗೆದ್ದ ಖುಷಿಯಲ್ಲಿ ಇನ್ನೊಂದು ಸೀರೆ ಕೊಳ್ಳುತ್ತಿದ್ದಳು. ಹಬ್ಬದ ಮುಂಚೆ ಯಜಮಾನರು ಹೇಳುವ ಬೆಲೆಯನ್ನು ಏರಿಸಿದರೆ ಇಳಿಸುವ ಬೆಲೆಯೂ ಅದರ ಜೊತೆಗೇ ಏರುತ್ತಿತ್ತು. ಜಗ್ಗಾಡಿದವರಿಗೂ ಜಗ್ಗಾಡದವರಿಗೂ ಏರುತ್ತಿತ್ತು.

ಇದನ್ನೆಲ್ಲ ಹೇಳಿದಾಗ ವಕೀಲೆ ಕುರ್ಚಿಯ ತುದಿಗೆ ಬಂದರು. ಇದನ್ನೇ ಪ್ರಮಾಣಪತ್ರದಲ್ಲಿ ಬರೆದು ಕೊಡೋಣ ಎಂದರು. ಅರ್ಥಶಾಸ್ತ್ರಜ್ಞೆ ಒಪ್ಪಲಿಲ್ಲ. ಚಿಕ್ಕಪೇಟೆಯ ಅಂಗಡಿ ಹೀಗಿತ್ತು ಎನ್ನುವುದರಿಂದ ಈ ಕಂಪನಿ ಹೀಗಿದೆ ಎಂದಾಗುವುದಿಲ್ಲ, ಇದು ಊಹೆ, ಊಹೆಯನ್ನು ಪರೀಕ್ಷೆ ಮಾಡಬೇಕು ಎಂದರು. ಮಾರಾಟ ಪ್ರತಿನಿಧಿಗಳಿಗೆ ನಿಜವಾಗಿಯೂ ಸ್ವಾತಂತ್ರ್ಯವಿದ್ದರೆ ಬೆಲೆಗಳು ಎರಚಿದ ರಾಗಿಯ ಹಾಗೆ ಎಲ್ಲೆಂದರಲ್ಲಿ ಬಿದ್ದಿರಬೇಕು. ಮೇಲಿನವರು ಮೊದಲೇ ಗೊತ್ತುಮಾಡಿ ಕಳಿಸುತ್ತಿದ್ದರೆ, ಪಟ್ಟಿ ಬೆಲೆಗೆ ಹೋಲಿಸಿದಾಗ ಎಲ್ಲರ ಬೆಲೆಯೂ ಕೆಲವೇ ಮೆಟ್ಟಿಲುಗಳ ಮೇಲೆ ಗುಂಪಾಗಿ ಕೂತಿರಬೇಕು. ಪಟ್ಟಿ ಏರಿದಾಗ ಮೆಟ್ಟಿಲಿನ ಸಾಲೇ ಏರಬೇಕು. ಹಾಗಿದ್ದರೆ ಚೌಕಾಸಿ ಮಾಡಿದವರೂ ಆ ಸಾಲಿನ ಆಚೆ ಹೋಗಿಲ್ಲ, ಪೆಟ್ಟು ಎಲ್ಲರಿಗೂ ಬಿದ್ದಿದೆ ಎನ್ನಬಹುದು.

"ರಾಗಿಯ ಹಾಗೆ ಬಿದ್ದಿದ್ದರೆ?" ಎಂದು ಕೇಳಿದೆ.

"ಹಾಗಂತಲೇ ಬರೀತೀನಿ ಮೇಡಂ," ಎಂದರು, ಈ ಸಲ ಕನ್ನಡದಲ್ಲಿ. ವಕೀಲೆಗೆ ಅರ್ಥ ಹೇಳಬೇಕಾಯಿತು. ಅವರ ಮುಖ ಸಣ್ಣದಾಯಿತು.

ನಾನು ಸರಿಯುವುದಿಲ್ಲ ಎಂದು ಅಲ್ಲೇ ಹೇಳಿದೆ. ಜೊತೆಗೆ ಇನ್ನೊಂದು ಸಲಹೆ ಕೊಟ್ಟೆ. ನನ್ನ ಪಕ್ಕದಲ್ಲಿ ಚೌಕಾಸಿಯೇ ಗೊತ್ತಿಲ್ಲದವರೊಬ್ಬರನ್ನೂ ನಿಲ್ಲಿಸೋಣ, ಹಗ್ಗದ ಎರಡೂ ತುದಿ ಕೋರ್ಟಿನ ಕೈಯಲ್ಲಿರಲಿ. ಪರೀಕ್ಷೆಯಲ್ಲಿ ನಾನು ಮೆಟ್ಟಿಲಿನಿಂದ ಹೊರಗಿದ್ದೇನೆಂದು ಬಂದರೆ ಎದುರು ಪಕ್ಷ ಅದನ್ನೇ ಎತ್ತಿ ಹಿಡಿಯುತ್ತದೆ ಎಂದು ವಕೀಲೆ ಎಚ್ಚರಿಸಿದರು. ಗೊತ್ತು ಎಂದೆ. ಗಿರಾಕಿಯಾಗಿ ನನಗಿದ್ದ ನಂಬಿಕೆ ಒಂದು, ಸೀರೆಯಂಗಡಿಯವಳಾಗಿ ನನಗಿದ್ದ ನಂಬಿಕೆ ಇನ್ನೊಂದು. ನಾನು ಅಂಗಡಿಯವಳ ಮೇಲೆ ಪಣ ಕಟ್ಟಿದೆ.

ಚೌಕಾಸಿ ಗೊತ್ತಿಲ್ಲದವರು ಯಾರೆಂದು ಹೇಳಬೇಕಿಲ್ಲ. ಡಾಕ್ಟರ ಕ್ಲಿನಿಕ್ಕಿಗೆ ಹೋದಾಗ ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೂತಿದ್ದರು.

"ಕೋರ್ಟಿನ್ಯಾಗ ನಿಂತು, ನಾ ಕೇಳಿದಷ್ಟು ಕೊಟ್ಟು ಬರಾಂವ ಅಂತ ಹೇಳಬೇಕೇನ್ರೀ? ಮಂದಿ ನಗ್ತಾರ್ರೀ ಅಕ್ಕಾರ."

"ನಗಲಿ ಬಿಡಿ ಡಾಕ್ಟ್ರೇ. ನನ್ನ ನೋಡಿ ಈಗಾಗಲೇ ನಗ್ತಿದ್ದಾರೆ."

"ನಿಮ್ಮನ್ಯಾಕ ನಗ್ತಾರ? ನೀವು ಹುಲಿ ಇದ್ದಂಗ."

"ಹುಲೀನಾ ಅಲ್ವಾ ಅಂತ ಆ ಮೈಸೂರಿನ ಹುಡುಗಿ ಲೆಕ್ಕ ಹಾಕ್ತಾ ಇದ್ದಾಳೆ."

ಅವರು ಮಾಸ್ಕನ್ನು ಪೂರ್ತಿ ತೆಗೆದು ಮೇಜಿನ ಮೇಲಿಟ್ಟರು. "ಆ ಪುಡಿ ಛಲೋ ಇತ್ರೀ," ಎಂದರು. "ನಮ್ಮ ಮುದುಕರ ದವಡಿಗೆ ಲಗೂನ ಹೊಂದತಿತ್ತು. ನಾ ಯಾವ ಔಷಧ ಹಾಕಬೇಕಂತ ತಿರುಪು ಮಾರಾಂವ ಹೇಳೂದಂದ್ರ ಏನ್ ಅದು? ಆತು, ನಿಲ್ತೀನಿ. ಆದ್ರ ನನಗ ಕೋಟು ಹಾಕ್ಕೋ ಅಂತ ಒತ್ತಾಯ ಮಾಡಬ್ಯಾಡ್ರಿ."

ಅವರನ್ನು ಸೇರಿಸಿಕೊಳ್ಳಲು ನ್ಯಾಯಾಧೀಶರು ಅನುಮತಿ ಕೊಟ್ಟರು. ಎದುರು ಪಕ್ಷ ಅವರನ್ನೂ ಕರೆದು ಪ್ರಶ್ನೆ ಕೇಳಿತು, ನನ್ನನ್ನು ಎರಡನೇ ಸಲ ಕೂರಿಸಿತು. ಅದೇ ವಿನಯದ ವಕೀಲರು, ಅದೇ ನೀರು. ನಿಮ್ಮ ಹಳೆಯ ಮಾತನ್ನು ಬದಲಿಸುತ್ತಿದ್ದೀರಾ ಎಂದರು. ಬದಲಿಸಲಿಲ್ಲ. ಆಗ ನಾನು ನಂಬಿದ್ದು ಅದು, ನಂಬಿದ್ದು ನಿಜವೇ ಎನ್ನುವುದು ನಿಮ್ಮ ಕಂಪನಿಗೆ ಗೊತ್ತು ಎಂದೆ. ಅಷ್ಟಕ್ಕೆ ನಿಲ್ಲಿಸಿದೆ. ಈ ಸಲ ನಮ್ಮ ವಕೀಲೆಯ ಪೆನ್ನು ಕೈಯಲ್ಲೇ ಇತ್ತು.

ಎರಡನೇ ವರದಿ ಸಲ್ಲಿಕೆಯಾಯಿತು. ನಾವು ಮೆಟ್ಟಿಲುಗಳ ವಾದವನ್ನೇ ಹಿಡಿಯುತ್ತಿದ್ದೇವೆ ಎಂದಷ್ಟೇ ವಕೀಲೆ ಹೇಳಿದರು. ನನಗೆ ಕೊಟ್ಟ ಪ್ರತಿಯಲ್ಲಿ ಮುಖ್ಯ ಪುಟಗಳಿಗೆಲ್ಲ ಕಪ್ಪು ಬಳಿದಿತ್ತು. ಒಂದು ಬದಲಾವಣೆ ಮಾತ್ರ ತಿಳಿಯಿತು. ಊರೂರಿಗೆ ಕ್ಲಿನಿಕ್ಕುಗಳಿರುವ ಕೆಲವು ದೊಡ್ಡ ಸಂಸ್ಥೆಗಳ ಬೆಲೆ ಯಾವ ಮೆಟ್ಟಿಲಿಗೂ ಹೊಂದಿರಲಿಲ್ಲ. ಅವರಿಗೆ ಬೇರೆಯೇ ಕರಾರು. ಅವರನ್ನು ಗುಂಪಿನಿಂದ ಬಿಡಬೇಕೆಂದು ಅರ್ಥಶಾಸ್ತ್ರಜ್ಞೆ ಹಟ ಹಿಡಿದರು. ಗುಂಪು ಚಿಕ್ಕದಾಗುತ್ತದೆ ಎಂದು ವಕೀಲೆ ಕೊಸರಾಡಿದರು. ದೊಡ್ಡ ಗಿರಾಕಿಯನ್ನು ಬಿಟ್ಟು ಕೊಡುವುದು ಯಾರಿಗೂ ಸುಲಭವಲ್ಲ. ಆದರೆ ಹೊಂದದ್ದನ್ನು ಹೊಂದುತ್ತದೆ ಎಂದು ಮಾರಿದರೆ ಉಳಿದ ಸರಕಿನ ಮೇಲೂ ಅನುಮಾನ ಬರುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಇದನ್ನು ವಕೀಲೆಗೆ ಹೇಳಿದೆ. ದೊಡ್ಡವರನ್ನು ಬಿಟ್ಟರು.

ವಿಚಾರಣೆಯ ಬೆಳಿಗ್ಗೆ ಸ್ಯಾನ್ ಹೊಸೆಯ ಕೋರ್ಟಿಗೆ ಹೊರಟಾಗ ಒಂದು ವಿಚಿತ್ರ ಅರಿವಾಯಿತು. ಯಾವ ವ್ಯವಹಾರಕ್ಕೆ ಹೋದರೂ ಗೆಲ್ಲಬೇಕೆಂದು ಹೋದವಳು ನಾನು. ಈ ದಿನ ಮಾತ್ರ, ನಾನೂ ಎಲ್ಲರ ಹಾಗೆ ಮೋಸ ಹೋಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತಾ ಹೋಗುತ್ತಿದ್ದೆ.

ಡಾಕ್ಟರು ಸ್ವೆಟರಿನಲ್ಲಿ ಬಂದು ಪಕ್ಕದಲ್ಲಿ ಕೂತರು. ಅರ್ಥಶಾಸ್ತ್ರಜ್ಞೆ ಸಾಕ್ಷಿ ಹೇಳಿದರು. ತಿರುಪಿನ ಮೇಲೂ ಪುಡಿಯ ಮೇಲೂ ಕೊಡುವ ರಿಯಾಯಿತಿಯನ್ನೆಲ್ಲ ಲೆಕ್ಕದಲ್ಲಿ ಪುಡಿಯ ತಲೆಗೇ ಕಟ್ಟಿದರೆ ಅದರ ಬೆಲೆ ತಯಾರಿಕೆಯ ಖರ್ಚಿಗಿಂತ ಕೆಳಗೆ ಬೀಳುತ್ತದೆ, ಪುಡಿ ಮಾತ್ರ ಮಾರುವವರು ಎಷ್ಟೇ ಸಮರ್ಥರಾದರೂ ಎದುರು ನಿಲ್ಲಲಾರರು ಎಂದು ವಿವರಿಸಿದರು. ಆಮೇಲೆ ಮೆಟ್ಟಿಲಿನ ವಿಷಯ ಬಂತು. ಬೆಲೆಗಳು ಗುಂಪಾಗಿಯೇ ಕೂತಿದ್ದವು ಎಂದರು. ನಾನು ಉಸಿರು ಬಿಟ್ಟೆ. ಹಿಂದೆಯೇ ಇಷ್ಟು ವರ್ಷದ ನನ್ನ ಚೌಕಾಸಿಯ ಹೆಮ್ಮೆ ನೆನಪಾಯಿತು.

ಕೊನೆಗೆ ಒಂದು ಚಿತ್ರ ಪರದೆಯ ಮೇಲೆ ಬಂತು. ಪ್ರತಿನಿಧಿಗಳಾದ ನಾವಿಬ್ಬರೂ ವರ್ಷವರ್ಷವೂ ಪುಡಿಗೆ ಕೊಟ್ಟ ಬೆಲೆ, ಅಂಕಿಗಳಿಲ್ಲದೆ ಗೆರೆ ಮಾತ್ರ. ಅದನ್ನು ತೋರಿಸಲು ನಾವೇ ಒಪ್ಪಿಗೆ ಕೊಟ್ಟಿದ್ದೆವು. ಬೆಲೆಯನ್ನು ಯಾರಿಗೂ ಹೇಳಬಾರದೆಂದು ಕರಾರಿನಲ್ಲಿ ಇದ್ದುದರಿಂದ ನಾನೂ ಡಾಕ್ಟರೂ ಒಬ್ಬರನ್ನೊಬ್ಬರು ಎಂದೂ ಕೇಳಿರಲಿಲ್ಲ. ಅವರು ಹೆಚ್ಚು ಕೊಡುತ್ತಿರಬೇಕೆಂದು ನಾನು ಒಳಗೊಳಗೇ ಮರುಗುತ್ತಿದ್ದೆ.

ಪರದೆಯ ಮೇಲೆ ಒಂದೇ ಗೆರೆ ಇತ್ತು.

ಎರಡನೆಯದು ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು.

ಮೊದಲನೆಯದರ ಕೆಳಗಿದೆ ಎಂದರು ಅರ್ಥಶಾಸ್ತ್ರಜ್ಞೆ. ಈ ರಿಯಾಯಿತಿ ನಿಂತಿರುವುದು ಎಷ್ಟು ಕೊಳ್ಳುತ್ತೀರಿ ಎನ್ನುವುದರ ಮೇಲಲ್ಲ, ಬೇರೆಯವರಿಂದ ಎಷ್ಟು ಕೊಳ್ಳುವುದಿಲ್ಲ ಎಂದು ಮಾತು ಕೊಡುತ್ತೀರಿ ಎನ್ನುವುದರ ಮೇಲೆ. ಇಬ್ಬರೂ ಒಂದೇ ಮಾತು ಕೊಟ್ಟಿದ್ದಾರೆ, ಅದಕ್ಕೇ ಒಂದೇ ಮೆಟ್ಟಿಲು. ಡಾಕ್ಟರು ಬೇರೆ ಪುಡಿ ತರಿಸಿ ಮಾತು ಮುರಿದಾಗ ತಿರುಪಿನ ಬೆಲೆ ಏರಿತೇ ಹೊರತು, ಮುರಿಯುವ ತನಕ ನನ್ನ ಬೆಲೆಯೂ ಅವರ ಬೆಲೆಯೂ ಬೇರೆಯಾಗಿರಲೇ ಇಲ್ಲ.

"ಚೌಕಾಸಿ ಮಾಡುವವರ ಗೆರೆ ಯಾವುದು?" ಎಂದು ನ್ಯಾಯಾಧೀಶರು ಕೇಳಿದರು. ಕೋರ್ಟಿನಲ್ಲಿ ಒಂದು ಸಣ್ಣ ನಗು ಹರಿಯಿತು. ವಿನಯದ ವಕೀಲರು ಮಾತ್ರ ನಗಲಿಲ್ಲ. ಅದರಿಂದಲೇ ನಮಗೆ ಸರ್ಟಿಫಿಕೇಷನ್ನು ಸಿಗುತ್ತದೆಂದು ನನಗೆ ಖಚಿತವಾಯಿತು.

ಡಾಕ್ಟರು ನನ್ನ ಕಡೆ ಬಾಗಿದರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. "ಅಕ್ಕಾರ," ಎಂದು ಪಿಸುಗುಟ್ಟಿದರು, "ಹಂಗಾರ ನಾನೂ ಹುಲಿನ ಅಲ್ರೀ?"

ಆದೇಶ ಬಂತು. ದೊಡ್ಡ ಸಂಸ್ಥೆಗಳನ್ನು ಬಿಟ್ಟು ಉಳಿದ ಕ್ಲಿನಿಕ್ಕುಗಳೆಲ್ಲ ಒಂದು ಗುಂಪು, ನಾವಿಬ್ಬರು ಪ್ರತಿನಿಧಿಗಳು. ಕಂಪನಿ ಮಾಡಿದ್ದು ತಪ್ಪೋ ಅಲ್ಲವೋ ಎಂಬ ಅಸಲು ವಿಚಾರಣೆ ಇನ್ನೂ ಆಗಬೇಕು. ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಬಾಯಿ ಮುಚ್ಚುವುದನ್ನು ಅಷ್ಟರಮಟ್ಟಿಗೆ ಕಲಿತಿದ್ದೇನೆ. ಖರೀದಿಯ ಕೆಲಸಕ್ಕೆ ಬರುವ ಮಕ್ಕಳಿಗೆ ಮಾತ್ರ ಒಂದು ಹೇಳುತ್ತೇನೆ: ಬೆಲೆ ಎಷ್ಟು ಇಳಿಯಿತು ಎಂದು ನೋಡಬೇಡಿ, ಎಲ್ಲಿಂದ ಇಳಿಯಿತು ನೋಡಿ.

ಕೇಸು ನಡೆಯುತ್ತಿದ್ದರೂ ತಿರುಪು ಬೇಕಲ್ಲ. ವರ್ಷದ ಮೊದಲಿಗೆ ಮಾರಾಟ ಪ್ರತಿನಿಧಿ ಹೊಸ ಪಟ್ಟಿ ಹಿಡಿದು ಬಂದ. ನಾನು ಮುಖ ಸಿಂಡರಿಸಿದೆ. ಅವನು ಇಳಿದ. ಸಾಲದು ಎಂದೆ. ಮೇಲಿನವರನ್ನು ಕೇಳಿ ಬರುತ್ತೇನೆಂದು ಎದ್ದ.

ಕೂತುಕೋ ಎಂದೆ. ಹೊರಗೆ ಚಳಿ, ಇಲ್ಲೇ ಕಾಫಿ ಕುಡಿ, ಬೆಳಿಗ್ಗೆ ಹೇಳಿ ಕಳಿಸಿದ್ದನ್ನು ಹೇಳು ಸಾಕು. ಅವನು ನನ್ನ ಮುಖ ನೋಡಿದ, ಕಾಫಿ ನೋಡಿದ, ಕೂತ. ಲೋಟ ಅರ್ಧವಾಗುವ ಮೊದಲೇ ಬೆಲೆ ಹೇಳಿದ. ಪಟ್ಟಿಯಿಂದ ಎಷ್ಟು ಕೆಳಗೆಂದು ಲೆಕ್ಕ ಹಾಕಿದೆ. ಪಾರ್ಕಿಂಗ್ ಲಾಟಿಗೆ ಹೋಗಿ ಬೆವರಿ ಬರುತ್ತಿದ್ದ ವರ್ಷಗಳಲ್ಲಿ ಎಷ್ಟಿತ್ತೋ ಅಷ್ಟೇ.

ಮಧ್ಯಾಹ್ನ ಡಾಕ್ಟರ ಫೋನು ಬಂತು. ಅವರ ಕಡೆಗೂ ಅದೇ ದಿನ ಹೋಗಿದ್ದನಂತೆ, ನನ್ನ ಕಾಫಿಯ ಸುದ್ದಿಯನ್ನೂ ಹೇಳಿದ್ದನಂತೆ.

"ಅಕ್ಕಾರ, ಪುಡಿ ಎಷ್ಟಕ್ಕ ಕೊಟ್ಟಾ ನಿಮಗ? ಅಂಕಿ ಹೇಳಬ್ಯಾಡ್ರಿ, ಹಂಗ ಸುಮ್ನ ಹೇಳ್ರಿ."

"ನಿಮಗೆ ಕೊಟ್ಟಷ್ಟಕ್ಕೇ, ಡಾಕ್ಟ್ರೇ."

"ಹೌದಲ್ಲ?" ಎಂದು ಒಂದು ಗಳಿಗೆ ಯೋಚಿಸಿದರು. "ಮತ್ತ ಕಾಫಿ ಯಾಕ ದಂಡ ಮಾಡಿದ್ರೀ?"